ಕವಚ ಸೀಳುವ ಕತ್ತಿಯ ಬಗ್ಗೆ ನಿಮಗೊಂದು ಪತ್ರ

ಪ್ರಿಯ ಲೇಖಕರೇ,

ನಿಮ್ಮ ಫ್ಯಾಂಟಸಿ ಕಾದಂಬರಿಯನ್ನು ಪೂರ್ತಿ ಓದಿದೆ. ಅಕ್ಕತಂಗಿಯರ ಮುನಿಸು, ಕೋಟೆಯೊಳಗಿನ ಪಿತೂರಿ ಎರಡೂ ಚೆನ್ನಾಗಿ ಬಂದಿವೆ. ಆದರೆ ಏಳನೇ ಅಧ್ಯಾಯದ ಕಾಳಗ ಹೀಗೇ ಇದ್ದರೆ ನಾನು ಪ್ರಕಟಿಸಲಾರೆ.

ನಾಯಕಿ 20 ಕಿಲೋ ತೂಕದ ಕತ್ತಿಯನ್ನು ಬೆನ್ನಿನ ಒರೆಯಿಂದ ಸರ್ರನೆ ಎಳೆದು, ಸೇನಾಪತಿಯನ್ನು ಉಕ್ಕಿನ ಕವಚದ ಸಮೇತ ಎರಡು ಹೋಳು ಮಾಡುತ್ತಾಳೆ. ಮಧ್ಯಯುಗದ ಯುರೋಪಿನಲ್ಲಿ ಎರಡು ಕೈಯಲ್ಲಿ ಬೀಸುತ್ತಿದ್ದ ಉದ್ದ ಕತ್ತಿ ಸಾಮಾನ್ಯವಾಗಿ ಒಂದೂವರೆ ಕಿಲೋ ಆಸುಪಾಸು ಇರುತ್ತಿತ್ತು. 20 ಕಿಲೋ ಅಂದರೆ ಹೆಚ್ಚುಕಡಿಮೆ ಸೇನಾಪತಿಯ ಇಡೀ ಕವಚದ ತೂಕ. ಬೆನ್ನಿನ ಒರೆಯೂ ಬೇಡ. ಅಷ್ಟುದ್ದದ ಅಲಗಾದರೆ ತೋಳು ಪೂರ್ತಿ ಚಾಚಿದರೂ ಮೊನೆ ಒಳಗೇ ಉಳಿಯುತ್ತದೆ. ಒಂದು ಕೋಲು ಹಿಡಿದು ನೀವೇ ನೋಡಿ.

ಇವನ್ನೆಲ್ಲ ತಿದ್ದುವುದು ಸುಲಭ. ನನ್ನ ನಿಜವಾದ ತಕರಾರು ಕವಚ ಸೀಳುವುದರ ಬಗ್ಗೆ. ಆ ಕವಚ ಇದ್ದದ್ದೇ ಕತ್ತಿಯೇಟು ತಡೆಯಲಿಕ್ಕೆ. ಹಾಗಾದರೆ ಅಂಥವನ ಎದುರು ಏನು ಮಾಡುತ್ತಿದ್ದರು? ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಅಲಗಿನ ನಡುಭಾಗ ಹಿಡಿದು ಕತ್ತಿಯನ್ನೇ ಗಿಡ್ಡ ಭರ್ಜಿ ಮಾಡಿಕೊಳ್ಳುತ್ತಿದ್ದರು. ಕಂಕುಳು, ತೊಡೆಸಂದಿ, ಮುಖಕವಚದ ಸೀಳು, ಹೀಗೆ ಉಕ್ಕಿಲ್ಲದ ಜಾಗ ಹುಡುಕಿ ಮೊನೆ ತೂರಿಸುತ್ತಿದ್ದರು. ಇಟಲಿಯ ಫಿಯೋರೆ ದೇ ಲಿಬೇರಿ 1410ರ ಸುಮಾರಿಗೆ ಬರೆದ ಕತ್ತಿವರಸೆಯ ಪುಸ್ತಕದಲ್ಲಿ ಇದರ ಚಿತ್ರಗಳಿವೆ. ಜರ್ಮನಿಯ ಹಾನ್ಸ್ ಟಾಲ್‌ಹೋಫರ್ 1467ರಲ್ಲಿ ಸಿದ್ಧಪಡಿಸಿದ ಪುಸ್ತಕದಲ್ಲಂತೂ ಕತ್ತಿಯನ್ನು ತಿರುಗಿಸಿ, ಎರಡೂ ಕೈಯಲ್ಲಿ ಅಲಗು ಹಿಡಿದು, ಹಿಡಿಕೆಯಿಂದ ಸುತ್ತಿಗೆಯ ಹಾಗೆ ಬಡಿಯುತ್ತಾರೆ. ಕೈ ಕೊಯ್ಯಲ್ವಾ ಅಂತ ಕೇಳಬಹುದು. ಬಿಗಿಯಾಗಿ ಹಿಡಿದರೆ ಇಲ್ಲ, ಜಾರಿದರೆ ಖಂಡಿತ ಕೊಯ್ಯುತ್ತದೆ.

ಈಗ ನಿಮ್ಮದೇ ಮೂರನೇ ಅಧ್ಯಾಯ ನೆನಪಿಸಿಕೊಳ್ಳಿ. ಅಲ್ಲಿ ನಾಯಕಿಯ ಎಡಗೈ ಸುಟ್ಟಿದೆ. ಆಮೇಲೆ ಆ ಗಾಯವನ್ನು ನೀವು ಮರೆತೇಬಿಟ್ಟಿದ್ದೀರಿ. ಅದೇ ಕೈಯಲ್ಲಿ ಅವಳು ಅಲಗು ಹಿಡಿಯಬೇಕಾಗಿ ಬಂದರೆ? ಬಿಗಿ ಹಿಡಿದರೆ ಪ್ರಾಣ ಹೋಗುವಷ್ಟು ಉರಿ, ಸಡಿಲ ಬಿಟ್ಟರೆ ಬೆರಳು ಹೋಗುತ್ತದೆ. ಸೇನಾಪತಿ ಅವಳನ್ನು ನೆಲಕ್ಕೆ ಕೆಡವುತ್ತಾನೆ, ಅವನ ಕಂಕುಳು ಒಂದೇ ಒಂದು ಸಲ ತೆರೆದುಕೊಳ್ಳುತ್ತದೆ. ನನಗೆ ಬೇಕಾದ ಕಾಳಗ ಇದು. ಹೋಳು ಮಾಡುವ ದೃಶ್ಯದಲ್ಲಿ ಅವಳಿಗೆ ಸೋಲುವ ಭಯವೇ ಇಲ್ಲ, ಓದುವವರಿಗೂ ಇಲ್ಲ.

‘ಕಲ್ಪನೆಯ ಲೋಕ ತಾನೇ, ಇತಿಹಾಸ ಯಾಕೆ’ ಅಂತ ಪತ್ರದಲ್ಲಿ ಕೇಳಿದ್ದೀರಿ. ಕತ್ತಿಗೆ ಮಂತ್ರಶಕ್ತಿ ಇದ್ದರೆ ನನ್ನ ಆಕ್ಷೇಪವಿಲ್ಲ, ಆದರೆ ಅದನ್ನು ಮೊದಲೇ ತೋರಿಸಬೇಕು. ನೀವೋ ಅದನ್ನು ಮಾಮೂಲಿ ಕಮ್ಮಾರನ ಕುಲುಮೆಯಲ್ಲಿ ಮಾಡಿಸಿದ್ದೀರಿ. ಬೆಟ್ಟ, ಭಾಷೆ, ದೇವರು ಯಾವುದನ್ನು ಬೇಕಾದರೂ ಹುಟ್ಟಿಸಿ. ಉಕ್ಕು ಮಾತ್ರ ಉಕ್ಕಿನ ಹಾಗೇ ಇರಲಿ.

ಹಾಗಂತ ಓದಿದ ಪಟ್ಟುಗಳ ಹೆಸರನ್ನೆಲ್ಲ ಸುಮ್ನೆ ತುಂಬಬೇಡಿ. ಅರ್ಧ ಗಂಟೆ ನಡೆಯುವ ಕಾಳಗವೂ ಜಾಸ್ತಿಯಾಯಿತು. ಕವಚ ತೊಟ್ಟವರು ಬೇಗ ಏದುಸಿರು ಬಿಡುತ್ತಾರೆ. ನಾಲ್ಕು ಪುಟವನ್ನು ಎರಡಕ್ಕೆ ಇಳಿಸಿ. ಏಳನೇ ಅಧ್ಯಾಯವನ್ನಷ್ಟೇ ಮತ್ತೆ ಬರೆದು ಕಳಿಸಿ, ಅಕ್ಕತಂಗಿಯರ ಭಾಗವನ್ನು ಮುಟ್ಟಬೇಡಿ.

ಇಂತಿ,
ಸಂಪಾದಕ