ಸೋಪು ಬೇಕೇ ಬೇಕು, ನಮ್ಮದೇ ಸೋಪು ಬೇಕು ಅಂತೇನಿಲ್ಲ

ದಿನಬಳಕೆಯ ವಸ್ತುಗಳ ಬೇಡಿಕೆ ಅಸ್ಥಿತಿಸ್ಥಾಪಕ, ಅಂದರೆ ಬೆಲೆ ಏರಿದರೂ ಮಾರಾಟ ಹೆಚ್ಚು ಕುಗ್ಗುವುದಿಲ್ಲ ಅಂತ ಓದಿದ್ದೇನೆ, ನನ್ನ ಪಾತ್ರೆ ತೊಳೆಯುವ ಪುಡಿಯ ಬೆಲೆ ಶೇ. 10 ಏರಿಸಲಾ, 15 ಏರಿಸಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇದೇ ಮಾತನ್ನು ನಂಬಿ ನಾನೊಂದು ಒಳ್ಳೆಯ ವ್ಯಾಪಾರ ಕಳೆದುಕೊಂಡಿದ್ದೇನೆ.

ನಾನು ಮತ್ತು ಅಕ್ಕ ಬಟ್ಟೆ ಸೋಪು ಮಾಡುತ್ತಿದ್ದೆವು. ಒಂದು ಕೋಣೆ, ಒಂದಿಷ್ಟು ಅಚ್ಚು, ಎಣ್ಣೆ, ಕಾಸ್ಟಿಕ್ ಸೋಡಾ. ಕಾಯಂ ಗಿರಾಕಿಗಳಿದ್ದರು. ಎಣ್ಣೆ ತುಟ್ಟಿಯಾದಾಗ ಸೋಪಿನ ಬೆಲೆಯನ್ನು ಒಂದೇ ಸಲಕ್ಕೆ ಶೇ. 20 ಏರಿಸೋಣ ಅಂದೆ. ಅಕ್ಕ ಒಪ್ಪಲಿಲ್ಲ. ಆಗ ನಾನು ಕಾಲೇಜಿನಲ್ಲಿ ಓದಿದ್ದನ್ನು ಅವಳಿಗೆ ಪಾಠ ಮಾಡಿದೆ: "ಸೋಪು ಅಗತ್ಯ ವಸ್ತು. ಬೆಲೆ ಏರಿತು ಅಂತ ಯಾರೂ ಬಟ್ಟೆ ಒಗೆಯೋದು ಬಿಡಲ್ಲ." ಅವಳು ಕೇಳಿದ್ದು ಒಂದೇ ಮಾತು. "ಒಗೆಯೋದು ಬಿಡಲ್ಲ ಸರಿ, ನಮ್ಮ ಸೋಪಲ್ಲೇ ಯಾಕೆ ಒಗೀಬೇಕು?"

ನಾನು ಉತ್ತರ ಕೊಡಲಿಲ್ಲ. ಬೆಲೆ ಏರಿಸಿದೆ.

ನನ್ನ ತಪ್ಪು ಆ ಪ್ರಶ್ನೆಯೊಳಗೇ ಇತ್ತು. ಪುಸ್ತಕ ಸುಳ್ಳು ಹೇಳಿರಲಿಲ್ಲ. ಸೋಪು ಎಂಬ ಇಡೀ ಸರಕಿಗೆ ಬೇಡಿಕೆ ಬೆಲೆಗೆ ಹೆಚ್ಚು ಅಲುಗಾಡುವುದಿಲ್ಲ, ನಿಜ. ಯಾಕೆಂದರೆ ಸೋಪಿಗೆ ಬದಲಿ ಸಿಗುವುದು ಕಷ್ಟ. ಆದರೆ ನಾನು ಮಾರುತ್ತಿದ್ದದ್ದು ಸೋಪು ಎಂಬ ಇಡೀ ಸರಕನ್ನಲ್ಲ, ಹತ್ತಾರು ಸೋಪುಗಳಲ್ಲಿ ಒಂದನ್ನು. ನನ್ನ ಸೋಪಿಗೆ ಬದಲಿ ಪಕ್ಕದಲ್ಲೇ ಇತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಸರಕನ್ನು ಎಷ್ಟು ಅಗಲವಾಗಿ ಹೆಸರಿಸುತ್ತೀರೋ ಬೇಡಿಕೆ ಅಷ್ಟು ಗಟ್ಟಿ. ಹೆಸರು ಕಿರಿದಾದಂತೆ ಅದು ಸಡಿಲವಾಗುತ್ತಾ ಹೋಗುತ್ತದೆ. ಇಡೀ ಸರಕಿನ ಬಗ್ಗೆ ಹೇಳಿದ ಮಾತನ್ನು ನಾನು ನನ್ನ ಒಂದು ಸೋಪಿಗೆ ಅಂಟಿಸಿಕೊಂಡೆ. ನೀವು ಈಗ ನಿಮ್ಮ ಪುಡಿಗೆ ಅಂಟಿಸಿಕೊಳ್ಳುತ್ತಿರುವುದೂ ಅದನ್ನೇ.

ಇನ್ನೂ ಕೆಟ್ಟದ್ದೇನೆಂದರೆ, ಮೊದಲ ಎರಡು ವಾರ ಮಾರಾಟ ಕುಗ್ಗಲೇ ಇಲ್ಲ. ನೋಡು, ನಾನು ಹೇಳಿದ್ದೇ ಸರಿ ಅಂತ ಅಕ್ಕನಿಗೆ ಅಂದೆ. ಆ ಧೈರ್ಯದಲ್ಲೇ ಎಣ್ಣೆ ಜಾಸ್ತಿ ತರಿಸಿಬಿಟ್ಟೆ. ಜನ ಅಭ್ಯಾಸಬಲದಿಂದ ಕೊಳ್ಳುತ್ತಿದ್ದರು ಅಷ್ಟೇ, ಬೇರೆ ಸೋಪು ಹುಡುಕಲು ಅವರಿಗಿನ್ನೂ ಪುರುಸೊತ್ತು ಸಿಕ್ಕಿರಲಿಲ್ಲ. ಸಮಯ ಸಿಕ್ಕಷ್ಟೂ ಬೇಡಿಕೆ ಸಡಿಲವಾಗುತ್ತದೆ. 1973ರಲ್ಲಿ ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾದಾಗಲೂ ಹೀಗೇ ಆಯಿತು. ಇದ್ದ ಕಾರನ್ನು ಯಾರೂ ಮರುದಿನವೇ ಮಾರಲಾಗುವುದಿಲ್ಲ. ವರ್ಷಗಳು ಕಳೆದಂತೆ ಕಡಿಮೆ ಇಂಧನ ಕುಡಿಯುವ ಸಣ್ಣ ಕಾರುಗಳು ಬಂದವು. ತೈಲಕ್ಕೆ ವರ್ಷಗಳು ಹಿಡಿದವು, ನನ್ನ ಸೋಪಿಗೆ ಒಂದು ತಿಂಗಳು ಸಾಕಾಯಿತು.

ಲೆಕ್ಕ ಹೇಳುತ್ತೇನೆ. ಮೊದಲು 100 ಸೋಪು ಹೋಗುತ್ತಿದ್ದ ಕಡೆ 60 ಹೋಗತೊಡಗಿದವು. ಬೆಲೆ ಶೇ. 20 ಮೇಲೆ, ಮಾರಾಟ ಶೇ. 40 ಕೆಳಗೆ. 40ನ್ನು 20ರಿಂದ ಭಾಗಿಸಿದರೆ 2. ಒಂದಕ್ಕಿಂತ ಹೆಚ್ಚು ಬಂದರೆ ಬೇಡಿಕೆ ಸ್ಥಿತಿಸ್ಥಾಪಕ, ಕಡಿಮೆ ಬಂದರೆ ಅಸ್ಥಿತಿಸ್ಥಾಪಕ. ಕೈಗೆ ಮೊದಲು 100 ಬರುತ್ತಿದ್ದರೆ ಈಗ 72 ಬಂತು. ತರಿಸಿದ ಎಣ್ಣೆ ಮೂಲೆಯಲ್ಲಿ ಹಾಗೇ ಉಳಿಯಿತು. ಗಾಬರಿಯಾಗಿ ಬೆಲೆ ಹಳೆಯದಕ್ಕೇ ಇಳಿಸಿದೆ. ಹೋದವರಲ್ಲಿ ಮುಕ್ಕಾಲು ಜನ ಮರಳಲಿಲ್ಲ. ಬೇರೆ ಸೋಪಿನ ವಾಸನೆಗೆ, ನೊರೆಗೆ ಅವರು ಒಗ್ಗಿಬಿಟ್ಟಿದ್ದರು. ಯಾವ ಸೂತ್ರದಲ್ಲೂ ಇದನ್ನು ನಾನು ಕಂಡಿರಲಿಲ್ಲ, ನಮ್ಮನ್ನು ಮುಳುಗಿಸಿದ್ದೂ ಇದೇ. ಕೋಣೆ ಖಾಲಿ ಮಾಡುವ ದಿನವೂ ಅಕ್ಕ ನನ್ನನ್ನು ಒಂದು ಮಾತು ಅನ್ನಲಿಲ್ಲ. ಅದು ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಯಾವ ವಸ್ತು ಸ್ಥಿತಿಸ್ಥಾಪಕ, ಯಾವುದು ಅಲ್ಲ ಎಂಬ ಪಟ್ಟಿಗಳನ್ನು ದಯವಿಟ್ಟು ನಂಬಬೇಡಿ. ಉಪ್ಪು, ಬೆಂಕಿಪೊಟ್ಟಣದಂಥವು ಯಾವ ಪಟ್ಟಿಯಲ್ಲೂ ಅಸ್ಥಿತಿಸ್ಥಾಪಕ ಅಂತಲೇ ಇರುತ್ತವೆ, ಅವಕ್ಕೆ ಕಾರಣವೂ ಇದೆ: ಬದಲಿ ಇಲ್ಲ, ಮನೆ ಖರ್ಚಿನಲ್ಲಿ ಅವುಗಳ ಪಾಲು ಚೂರು. ಆದರೆ ಸ್ಥಿತಿಸ್ಥಾಪಕತ್ವ ಎನ್ನುವುದು ವಸ್ತುವಿಗೆ ಹುಟ್ಟಿನಿಂದ ಬಂದ ಗುಣ ಅಲ್ಲ. ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ: ಬೆಲೆ ಯಾವ ಮಟ್ಟದಲ್ಲಿದೆ, ಕೊಳ್ಳುವವರು ಉಳ್ಳವರೋ ಬಡವರೋ ಎನ್ನುವುದರ ಮೇಲೆ ಅದು ಬದಲಾಗುತ್ತದೆ. ನಾನು ಪಟ್ಟಿ ಓದಿದೆ, ಈ ಭಾಗ ಓದಲಿಲ್ಲ.

ಏರಿಸಲೇಬೇಕಾದ ಪರಿಸ್ಥಿತಿ ಬಂದರೆ ಒಂದೇ ಅಳತೆಯ ಪ್ಯಾಕೆಟ್ಟಿಗೆ ಮಾತ್ರ, ಸ್ವಲ್ಪ ಏರಿಸಿ. ಎರಡು ವಾರಕ್ಕೆ ಖುಷಿಪಡಬೇಡಿ. ಒಂದು ಪ್ಯಾಕೆಟ್ ಒಂದು ಮನೆಗೆ ಎಷ್ಟು ದಿನ ಬರುತ್ತದೆ? ಕಡೇ ಪಕ್ಷ ಅದರ ಮೂರು ಪಟ್ಟು ದಿನ ಕಾಯಿರಿ. ಆಮೇಲೆ ಎಷ್ಟು ಪ್ಯಾಕೆಟ್ ಹೋಯಿತು ಅಂತ ಮಾತ್ರ ನೋಡಬೇಡಿ. ಹಳೇ ಗಿರಾಕಿಗಳಲ್ಲಿ ಎಷ್ಟು ಜನ ಮತ್ತೆ ಬಂದರು ಅಂತ ಒಬ್ಬೊಬ್ಬರನ್ನೇ ಎಣಿಸಿ. ಬಾರದವರ ಮನೆಗೆ ಹೋಗಿ, ಈಗ ಯಾವ ಪುಡಿ ತರುತ್ತಿದ್ದೀರಿ ಅಂತ ಕೇಳಿ. ನಾನು ಆಗ ಯಾರನ್ನೂ ಕೇಳಲಿಲ್ಲ.