ಬೈಕಿನಿಂದ ಬಿದ್ದ ಮೇಲೆ ಅಣ್ಣನಿಗೆ ತಲೆ ತಿರುಗುತ್ತಿದೆ, ಸಿ.ಟಿ. ನಾರ್ಮಲ್ ಬಂದಿದೆ. ಕಿವಿಯ ತೊಂದರೆ ಇರಬಹುದಾ?

ಇರಬಹುದು ರೀ. ನೀವು ಬರೆದ ಲಕ್ಷಣ ನೋಡಿದರೆ ನಾನು ಮೊದಲು ಅನುಮಾನ ಪಡುವುದೇ ಕಿವಿಯನ್ನು. ಮುಧೋಳದ ಹತ್ತಿರ ಬೈಕ್ ಸ್ಕಿಡ್ ಆಗಿ ಅಣ್ಣನ ತಲೆಗೆ ಪೆಟ್ಟು ಬಿತ್ತು, ಈಗ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮನೆಯೇ ಗಿರ್ರನೆ ತಿರುಗುತ್ತದೆ, ಅರ್ಧ ನಿಮಿಷದಲ್ಲಿ ನಿಲ್ಲುತ್ತದೆ ಎಂದಿದ್ದೀರಿ. ನಾನು ಬೆಳಗಾವಿಯಲ್ಲಿ ಆಡಿಯಾಲಜಿಸ್ಟ್, ಅಂದರೆ ಕಿವಿ ಕೇಳುವುದನ್ನೂ ತಲೆ ತಿರುಗುವುದನ್ನೂ ಪರೀಕ್ಷಿಸುವವರು. ಬಂದವರೆಲ್ಲ ‘ಚಕ್ಕರ ಬರತಾವ್ರಿ’ ಅಂತಲೇ ಶುರು ಮಾಡುತ್ತಾರೆ. ಏನು ಮಾಡುವಾಗ ಬಂತು, ಎಷ್ಟು ಹೊತ್ತು ಇತ್ತು, ಕಿವಿ ಮಂದವಾಯಿತಾ ಎಂದು ಕೇಳಿದರೆ ಅರ್ಧ ರೋಗ ಅಲ್ಲೇ ಗೊತ್ತಾಗುತ್ತದೆ.

ಒಳಕಿವಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸುಣ್ಣದ ಹರಳುಗಳಿವೆ. ತಲೆಗೆ ಪೆಟ್ಟು ಬಿದ್ದಾಗ ಅವು ಕಳಚಿ, ಪಕ್ಕದ ಅರ್ಧವೃತ್ತದ ನಾಳದೊಳಗೆ ಜಾರುತ್ತವೆ. ತಲೆ ಹೊರಳಿಸಿದಾಗ ಅವೂ ಉರುಳಿ ಅಲ್ಲಿನ ದ್ರವ ಅಲುಗಿಸುತ್ತವೆ, ಮಿದುಳಿಗೆ ಸುಳ್ಳು ಸುದ್ದಿ ಹೋಗುತ್ತದೆ. ಇದಕ್ಕೆ ಬಿಪಿಪಿವಿ ಅನ್ನುತ್ತಾರೆ. ಈ ಹರಳು ಸಿ.ಟಿ.ಯಲ್ಲಿ ಕಾಣುವುದಿಲ್ಲ, ಪೆಟ್ಟಾದ ತಕ್ಷಣ ಮಾಡುವ ಆ ಸ್ಕ್ಯಾನ್ ಮುಖ್ಯವಾಗಿ ರಕ್ತಸ್ರಾವ, ಬುರುಡೆಯ ಬಿರುಕು ಹುಡುಕಲಿಕ್ಕೆ.

ಪತ್ತೆ ಮಾಡಲು ಮಷೀನೂ ಬೇಕಿಲ್ಲ, ಒಂದು ಮಂಚ ಸಾಕು. 1952ರಲ್ಲಿ ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬ ವೈದ್ಯರು ವಿವರಿಸಿದ ಪರೀಕ್ಷೆ ಇದು. ಕೂತವರ ತಲೆಯನ್ನು 45 ಡಿಗ್ರಿ ಒಂದು ಕಡೆ ತಿರುಗಿಸಿ, ಹಾಗೇ ಬೇಗ ಮಲಗಿಸಿ, ತಲೆ ಮಂಚದಂಚಿನಿಂದ ತುಸು ಕೆಳಗೆ ಬಾಗುವಂತೆ ಹಿಡಿಯುತ್ತೇವೆ. ಕಣ್ಣು ಮುಚ್ಚಬೇಡಿ ಅಂದರೂ ಭಯಕ್ಕೆ ಎಲ್ಲರೂ ಮುಚ್ಚುತ್ತಾರೆ! ಕೆಲವು ಸೆಕೆಂಡು ಏನೂ ಇರುವುದಿಲ್ಲ. ಆಮೇಲೆ ಕಣ್ಣುಗುಡ್ಡೆ ತಿರುಚಿಕೊಳ್ಳುತ್ತಾ ಹಣೆಯ ಕಡೆಗೆ ಜಗ್ಗಲು ಶುರುವಾಗಿ, ಒಂದು ನಿಮಿಷದೊಳಗೆ ತಣ್ಣಗಾಗುತ್ತದೆ. ಅಷ್ಟು ಕಂಡರೆ ಯಾವ ಕಿವಿ, ಯಾವ ನಾಳ ಎಂದು ಹೇಳಬಹುದು. ಆಗಲೇ ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ನಾಳದಿಂದ ಹೊರಗೆ ಸಾಗಿಸುತ್ತೇವೆ. ಆದರೆ ಬಿದ್ದವರ ಕುತ್ತಿಗೆಗೆ ಪೆಟ್ಟಿಲ್ಲ ಎಂದು ಖಚಿತವಾಗದೆ ಇದನ್ನು ಮಾಡಬಾರದು. ಯೂಟ್ಯೂಬ್ ನೋಡಿ ಮನೆಯಲ್ಲಿ ಪ್ರಯೋಗ ಬೇಡ. ಪೆಟ್ಟಿನಿಂದ ಬಂದದ್ದು ಎರಡೂ ಕಿವಿಯಲ್ಲಿ ಇರುವ, ಮರಳಿ ಬರುವ ಸಾಧ್ಯತೆಯೂ ಹೆಚ್ಚು. ಹಾಗಾಗಿ ಎರಡೂ ಕಡೆ ನೋಡಲೇಬೇಕು.

ಅಣ್ಣನಿಗೆ ಕೇಳಿಸುವುದೂ ಕಡಿಮೆಯಾಗಿದ್ದರೆ, ಕಿವಿಯಲ್ಲಿ ಗುಂಯ್ ಅನ್ನುತ್ತಿದ್ದರೆ ಮಾತು ಬೇರೆ. ಒಳಕಿವಿಯೇ ಅದುರಿ ಕೆಟ್ಟಿರಬಹುದು, ಕಿವಿಯ ಸುತ್ತಲಿನ ಎಲುಬು ಬಿರಿದಿರಬಹುದು. ಸೀನಿದಾಗ, ತಿಣುಕಿದಾಗ, ಭಾರ ಎತ್ತಿದಾಗ ಚಕ್ಕರ ಬಂದರೆ ಒಳಕಿವಿಯ ದ್ರವ ಸೋರುತ್ತಿದೆಯೇ ಎಂದು ನೋಡಬೇಕಾಗುತ್ತದೆ. ಇಂಥದಕ್ಕೆ ಕೇಳುವ ಶಕ್ತಿ ಅಳೆಯುವ ಆಡಿಯೋಗ್ರಾಂ, ಕಿವಿಯ ಸುತ್ತಲಿನ ಎಲುಬನ್ನು ಸೂಕ್ಷ್ಮವಾಗಿ ತೋರಿಸುವ ಸಿ.ಟಿ., ಅಂದರೆ ಟೆಂಪೊರಲ್ ಬೋನಿನ ಎಚ್‌ಆರ್‌ಸಿಟಿ ಬೇಕು. ತಲೆಪೆಟ್ಟಾದವರಿಗೆ ಆಡಿಯೋಗ್ರಾಂ ಅಂತೂ ನಾನು ತಪ್ಪಿಸುವುದೇ ಇಲ್ಲ. ಕೇಳುವುದು ಸ್ವಲ್ಪ ಇಳಿದಿದ್ದರೆ ಅವರಿಗೇ ಗೊತ್ತಿರುವುದಿಲ್ಲ.

ಸಿನ್ನರಿಜಿನ್‌ನಂಥ ಚಕ್ಕರದ ಗುಳಿಗೆ ತಿಂಗಳುಗಟ್ಟಲೆ ನುಂಗುವುದು ನನಗೆ ಸರಿ ಕಾಣುವುದಿಲ್ಲ. ಹರಳು ಅದರಿಂದ ಜಾಗಕ್ಕೆ ಹೋಗುವುದಿಲ್ಲ, ಮೇಲಾಗಿ ಪರೀಕ್ಷೆಯಲ್ಲಿ ಕಣ್ಣಿನ ಚಲನೆಯನ್ನೂ ಮಂಕು ಮಾಡಬಹುದು. ಯಾವಾಗ ನಿಲ್ಲಿಸಬೇಕು ಎಂದು ಬರೆದುಕೊಟ್ಟ ಡಾಕ್ಟರನ್ನೇ ಕೇಳಿ.

ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿ, ಮಂಪರು, ತೊದಲು, ಎರಡೆರಡು ಕಾಣುವುದು, ಮೂಗು ಕಿವಿಯಿಂದ ನೀರಿನಂಥದ್ದು ಸುರಿಯುವುದು ಇದ್ದರೆ ಇದ್ಯಾವುದಕ್ಕೂ ಕಾಯದೆ ನೇರ ಎಮರ್ಜೆನ್ಸಿಗೆ ಹೋಗಿ.

ಇಲ್ಲವಾದರೆ ನಿಮಗೆ ಹತ್ತಿರದ ಬಾಗಲಕೋಟೆಯ ಮೆಡಿಕಲ್ ಕಾಲೇಜಿನ ಇಎನ್‌ಟಿ ಒಪಿಡಿಗೆ ಕರೆದುಕೊಂಡು ಹೋಗಿ, ಹೊರಳಿದಾಗ ಬರುವ ಚಕ್ಕರ ಎಂದು ಬಿಡಿಸಿ ಹೇಳಿ. ಪರೀಕ್ಷೆಯಲ್ಲಿ ವಾಂತಿ ಬರಬಹುದು, ಹೊಟ್ಟೆ ಬಿರಿಯ ಉಂಡು ಹೋಗಬೇಡಿ. ಮತ್ತೆ ಬೈಕಿನ ಮೇಲೆ ಬೇಡ, ಹಿಂದೆ ಕೂರಿಸಿಕೊಂಡೂ ಬೇಡ, ಬಸ್ಸಿಗೇ ಹೋಗಿ.