‘ಏನೂ ಆಗೋದಿಲ್ಲ’ ಎಂದು ಮಗುವಿಗೆ ಮಾತು ಕೊಡಬೇಡಿ

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ಕೊಡಗಿನ ತಂದೆತಾಯಂದಿರು, ಮಕ್ಕಳ ಮನಸ್ಸಿನ ತೊಂದರೆಗಳನ್ನು ನೋಡುವ ನನ್ನ ಬಳಿ ತರುವ ದೂರು ಬಹುಮಟ್ಟಿಗೆ ಒಂದೇ: ಮಗು ರಾತ್ರಿ ನಿದ್ರೆ ಮಾಡುವುದಿಲ್ಲ, ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳಿದೆ, ತಾಯಿಯನ್ನು ಕ್ಷಣವೂ ಬಿಟ್ಟಿರುವುದಿಲ್ಲ. ಅಂಥ ಒಂದು ಪ್ರಕರಣವನ್ನು ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಬೆಟ್ಟಗಳು ಜರಿದಾಗ ಈ ಕುಟುಂಬ ಮನೆ ಕಳೆದುಕೊಂಡು, ಪರಿಹಾರ ಕೇಂದ್ರದಲ್ಲಿ ಕೆಲಕಾಲ ಇದ್ದು, ಬಳಿಕ ಬಾಡಿಗೆ ಮನೆ ಸೇರಿತ್ತು. ಮಗನಿಗೆ ಆಗ ಐದು ವರ್ಷ. ಮರುವರ್ಷ ಮಳೆಗಾಲ ಶುರುವಾಗುತ್ತಿದ್ದಂತೆ ತಾಯಿ ಅವನನ್ನು ಕರೆತಂದರು.

ಮೊದಲ ಭೇಟಿಗಳಲ್ಲಿ ಹುಡುಗ ಹೆಚ್ಚು ಮಾತಾಡಲಿಲ್ಲ. ಒಂದು ದಿನ ನನ್ನ ಕೋಣೆಯಲ್ಲಿ ಮಕ್ಕಳ ಆಟಕ್ಕೆಂದು ಇಟ್ಟ ಮರಳಿನಲ್ಲಿ ಗುಡ್ಡ ಮಾಡಿ, ಅದರ ಬುಡದಲ್ಲಿ ಆಟಿಕೆಯ ಮನೆಯಿಟ್ಟು, ಮೇಲಿನಿಂದ ಮರಳು ಜಾರಿಸಿ ಮುಚ್ಚಿದ. ತೆಗೆದು ಮತ್ತೆ ಮುಚ್ಚಿದ. ತಾಯಿಗೆ ಅದನ್ನು ನೋಡಲಾಗಲಿಲ್ಲ. ಅವನ ಕೈ ಹಿಡಿದು, “ಅಂಥದ್ದೆಲ್ಲ ಆಡಬಾರದು ಮಗಾ, ಅಶುಭ. ಇನ್ನು ಏನೂ ಆಗೋದಿಲ್ಲ, ನಾನಿದ್ದೀನಲ್ಲ” ಎಂದರು. ಹುಡುಗ ಮರಳಿನಿಂದ ತಲೆಯೆತ್ತದೆ, “ಆವತ್ತೂ ಹಾಗೇ ಹೇಳಿದ್ದೆ ಅಮ್ಮ” ಎಂದ.

ಬರೆ, ಅಂದರೆ ಮನೆ ಪಕ್ಕದ ಮಣ್ಣಿನ ಇಳಿಜಾರು, ಕುಸಿದ ರಾತ್ರಿ ಆಕೆ ಅವನನ್ನು ಮಲಗಿಸುವಾಗ ಹೇಳಿದ್ದು ಅದೇ ಮಾತು. ಅಪಾಯ ಬಂದರೆ ಅಮ್ಮನ ಮಾತಿನಿಂದ ತನಗೆ ತಿಳಿಯುವುದಿಲ್ಲ ಎಂದು ಅಂದೇ ಮನಗಂಡ ಮಗು, ಮಳೆ ಸದ್ದು ಕೇಳಿದ ರಾತ್ರಿಗಳಲ್ಲೆಲ್ಲ ತಾನೇ ಕಾವಲು ಕೂರುತ್ತಿತ್ತು. ಅದೇ ಭೇಟಿಯಲ್ಲಿ ಇನ್ನೊಂದು ವಿಷಯವೂ ಹೊರಬಂತು: ಆ ದಿನ ಹಿತ್ತಲಿನ ಬರೆ ಕೆರೆದದ್ದಕ್ಕೆ ಅಜ್ಜಿ ಅವನನ್ನು ಬೈದಿದ್ದರು, ಬೆಟ್ಟ ಜರಿದದ್ದು ತನ್ನಿಂದಲೇ ಎಂದು ಅವನು ನಂಬಿದ್ದ. ಈ ವಯಸ್ಸಿನ ಮಕ್ಕಳು ಸುತ್ತ ನಡೆದುದಕ್ಕೆಲ್ಲ ತಮ್ಮನ್ನೇ ಕಾರಣವಾಗಿಸಿಕೊಳ್ಳುವುದು ಅಪರೂಪವಲ್ಲ, ಆದರೆ ಕೇಳದೆ ಅವರು ಅದನ್ನು ಹೇಳುವುದಿಲ್ಲ.

ನಾನು ಹೇಳಿದ್ದು ಹೀಗೆ. ಆ ಆಟವನ್ನು ನಿಲ್ಲಿಸಬೇಡಿ. ಬಾಯಲ್ಲಿ ಹೇಳಲಾಗದ್ದನ್ನು ಮಗು ಕೈಯಲ್ಲಿ ಹೇಳುತ್ತಿದೆ. ‘ಅದು ನಿನ್ನಿಂದ ಆದದ್ದಲ್ಲ, ವಿಪರೀತ ಮಳೆಯಿಂದ ಮಣ್ಣು ಸಡಿಲವಾಗಿ ಜಾರಿತು’ ಎಂದು ಬಿಡಿಸಿ ಹೇಳಿ, ಅಜ್ಜಿಯ ಬಾಯಿಂದಲೂ ಹೇಳಿಸಿ. ಮುಖ್ಯವಾಗಿ, ‘ಏನೂ ಆಗೋದಿಲ್ಲ’ ಎನ್ನುವುದನ್ನು ಬಿಟ್ಟು, ‘ಮಳೆ ಜೋರಾದರೆ ನಾವು ಹೀಗೆ ಮಾಡುತ್ತೇವೆ’ ಎನ್ನಿ: ಯಾರ ಮನೆಗೆ ಹೋಗುವುದು, ಅವನ ಕೈ ಯಾರು ಹಿಡಿಯುವುದು, ಟಾರ್ಚ್ ಮತ್ತು ಬಟ್ಟೆಯ ಚೀಲ ಎಲ್ಲಿರುತ್ತದೆ, ರಾತ್ರಿ ಎಚ್ಚರವಿರುವ ದೊಡ್ಡವರು ಯಾರು.

ತಂದೆ ಒಪ್ಪಲಿಲ್ಲ. “ಇಷ್ಟು ಸಣ್ಣವನಿಗೆ ಮನೆ ಬಿಟ್ಟು ಹೋಗಬೇಕಾಗಬಹುದು ಅಂದರೆ ಇನ್ನಷ್ಟು ಹೆದರುವುದಿಲ್ಲವೇ, ಮೇಡಂ?” ಈ ಪ್ರಶ್ನೆಯನ್ನು ಸಹೋದ್ಯೋಗಿಗಳೂ ನನಗೆ ಕೇಳಿದ್ದಾರೆ, ಆದರೂ ನನ್ನ ನಿಲುವು ಬದಲಾಗಿಲ್ಲ. ಹೆದರಿಕೆ ಆ ಮಗುವಿನಲ್ಲಿ ಆಗಲೇ ಇತ್ತು. ಅದನ್ನು ಹಂಚಿಕೊಳ್ಳಲು ದೊಡ್ಡವರಿರಲಿಲ್ಲ. ಮಳೆಯ ಪರವಾಗಿ ಮಾತು ಕೊಡುವ ಅಧಿಕಾರ ಯಾವ ತಂದೆತಾಯಿಗೂ ಇಲ್ಲ, ತಾವು ಏನು ಮಾಡುತ್ತೇವೆ ಎಂಬ ಮಾತನ್ನು ಮಾತ್ರ ಅವರು ಕೊಡಬಲ್ಲರು. ಅವರು ನನ್ನ ಬಳಿ ಬಂದ ವರ್ಷವೇ, 2019ರ ಆಗಸ್ಟ್‌ನಲ್ಲಿ, ವಿರಾಜಪೇಟೆ ಕಡೆಯ ತೋರದಲ್ಲಿ ಬೆಟ್ಟ ಕುಸಿಯಿತು, 2020ರಲ್ಲಿ ತಲಕಾವೇರಿಯಲ್ಲಿ ಕುಸಿಯಿತು. ‘ಇನ್ನು ಆಗೋದಿಲ್ಲ’ ಎಂದವರ ಮಾತನ್ನು ಆ ಮಕ್ಕಳು ಮತ್ತೆ ನಂಬುವುದು ಹೇಗೆ?

ತೋರದ ಸುದ್ದಿ ಬಂದ ದಿನ ಕುಟುಂಬ ಮುನ್ನೆಚ್ಚರಿಕೆಯಾಗಿ ಸೋದರಮಾವನ ಮನೆಗೆ ಹೋಯಿತು. ಟಾರ್ಚ್ ಹಿಡಿಯುವ ಕೆಲಸ ಹುಡುಗನದಾಗಿತ್ತು. ಅಲ್ಲಿ ಅವನು ಮಲಗಿ ನಿದ್ರಿಸಿದ ಎಂದು ತಂದೆಯೇ ಫೋನ್ ಮಾಡಿ ತಿಳಿಸಿದರು. ಹಾಸಿಗೆ ಒದ್ದೆಯಾಗುವುದು ಮಳೆಗಾಲ ಮುಗಿಯುವವರೆಗೂ ಪೂರ್ತಿ ನಿಲ್ಲಲಿಲ್ಲ, ಅದಕ್ಕಾಗಿ ಯಾರೂ ಅವನನ್ನು ಬೈಯಲಿಲ್ಲ.

ಇಂಥ ಲಕ್ಷಣಗಳು ಒಂದು ತಿಂಗಳು ದಾಟಿದರೆ ಅಥವಾ ಮಗು ಊಟ, ಆಟ, ಶಾಲೆ ಬಿಟ್ಟರೆ ಮನೆಯಲ್ಲೇ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.